ನನ್ನ ವರ್ಷ ಶುರುವಾಗುವುದು ಆಷಾಢದಲ್ಲಿ: ಮನೆಯಲ್ಲೇ ಬ್ಲೌಸ್ ಹೊಲಿಯುವವಳ ಗುರಿ ಲೆಕ್ಕ

ನಾನು ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತೇನೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಬರುವವರೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿಕೊಂಡು ಬರುವವರೇ. ನನ್ನ ಹಾಗೆ ಸ್ವಂತ ಕೆಲಸ ಇಟ್ಟುಕೊಂಡಿರುವ ಗೆಳತಿಯರಿದ್ದಾರೆ. ಮೆಹಂದಿ ಹಾಕುವವರು, ಕೇಕ್ ಮಾಡುವವರು, ಟ್ಯೂಷನ್ ಹೇಳುವವರು. ವರ್ಷಕ್ಕೆ ಗುರಿ ಅಂತ ಹೇಗೆ ಇಟ್ಟುಕೊಳ್ತೀಯ, ಅದನ್ನ ಮುಟ್ಟೋದು ಹೇಗೆ ಅಂತ ಅವರು ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜನವರಿ ಒಂದಕ್ಕೆ ನಾನು ಏನನ್ನೂ ಬರೆಯುವುದಿಲ್ಲ. ಧನುರ್ಮಾಸ ಮುಗಿಯುವುದರೊಳಗೇ ಮಾಘದ ಮದುವೆಗಳ ಸೀರೆಗಳು ಬಂದು ಬಿದ್ದಿರುತ್ತವೆ, ಆಗ ಕೂತು ಯೋಚಿಸೋಕೆ ಪುರುಸೊತ್ತೆಲ್ಲಿ? ನಾನು ಗುರಿ ಬರೆಯುವುದು ಆಷಾಢದ ಮೊದಲ ಎರಡು ವಾರದಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಷಿನ್‌ಗೂ ನನಗೂ ಬಿಡುವು. ಹಿಂದಿನ ವರ್ಷದ ಪುಸ್ತಕ ಒಂದು ಕಡೆ, ಹೊಸ ಪಂಚಾಂಗ ಇನ್ನೊಂದು ಕಡೆ ಇಟ್ಟುಕೊಂಡು ಕೂರುತ್ತೇನೆ.

ಪಂಚಾಂಗ ಯಾಕೆ ಅಂದರೆ, ತಿಂಗಳಿಗೆ ಇಷ್ಟು ಸಾವಿರ ದುಡಿಯಬೇಕು ಅನ್ನುವ ಗುರಿ ನಮ್ಮ ಕೆಲಸಕ್ಕೆ ಹೊಂದುವುದೇ ಇಲ್ಲ. 2023ನ್ನೇ ನೋಡಿ. ಜೂನ್ 19ಕ್ಕೆ ಆಷಾಢ ಬಂತು, ಜುಲೈ 17ಕ್ಕೆ ಮುಗೀತು. ಇನ್ನೇನು ಶ್ರಾವಣ ಅನ್ನುವಷ್ಟರಲ್ಲಿ ಮಾರನೇ ದಿನದಿಂದ ಅಧಿಕ ಶ್ರಾವಣ, ಅದು ಆಗಸ್ಟ್ 16ರವರೆಗೆ. ಎರಡು ತಿಂಗಳು ಒಂದರ ಹಿಂದೊಂದು ಮದುವೆಗಳಿಲ್ಲ. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಹೋಯಿತು. 2024ರಲ್ಲಿ ಅದೇ ಹಬ್ಬ ಆಗಸ್ಟ್ 16ಕ್ಕೆ, 2025ರಲ್ಲಿ ಆಗಸ್ಟ್ 8ಕ್ಕೇ ಬಂತು. ಅಂದರೆ 2025ರ ಜುಲೈ ಕೊನೆಯಲ್ಲಿ ಊಟಕ್ಕೂ ಎದ್ದೇಳೋಕೆ ಆಗದಷ್ಟು ಕೆಲಸ, 2023ರ ಜುಲೈ ಕೊನೆಯಲ್ಲಿ ಬರೀ ಫಾಲ್ಸ್ ಮತ್ತು ಜಿಗ್‌ಜ್ಯಾಗ್. ಜುಲೈಗೆ ಜುಲೈ ಹೋಲಿಸಿ "ಈ ಸಲ ಜಾಸ್ತಿ ಆಯ್ತು", "ಈ ಸಲ ಕಡಿಮೆ ಆಯ್ತು" ಅಂತ ಖುಷಿ ಪಟ್ಟರೂ ಬೇಜಾರು ಮಾಡಿಕೊಂಡರೂ ಅದಕ್ಕೆ ಅರ್ಥವಿಲ್ಲ ಅಲ್ವಾ? 2024ರ ಮೇನಲ್ಲಂತೂ ಗುರು, ಶುಕ್ರ ಎರಡೂ ಗ್ರಹಕ್ಕೆ ಮೌಢ್ಯ (ಸೂರ್ಯನ ಹತ್ತಿರ ಬಂದು ಕಾಣದಂತಾಗುವುದು) ಬಂದು ಮುಹೂರ್ತ ಸಿಗುವುದೇ ಕಷ್ಟವಾಯಿತು. ಮಾಮೂಲಾಗಿ ಮೇ ತಿಂಗಳು ನಮಗೆ ಸುಗ್ಗಿ.

ಹಾಗಾಗಿ ನಾನು ಹಬ್ಬಕ್ಕೆ ಹಬ್ಬ, ಸೀಸನ್‌ಗೆ ಸೀಸನ್ ಹೋಲಿಸುತ್ತೇನೆ. ವರಮಹಾಲಕ್ಷ್ಮಿ ಮತ್ತು ಗೌರಿ ಹಬ್ಬ ಸೇರಿ ಒಂದು ಪುಟ. ದಸರಾದಿಂದ ದೀಪಾವಳಿ ಒಂದು ಪುಟ. ಕಾರ್ತಿಕದ ಮದುವೆಗಳು, ಮಾಘ ಫಾಲ್ಗುಣದ ಮದುವೆಗಳು, ಯುಗಾದಿಯಿಂದ ಬೇಸಿಗೆ ಮದುವೆಗಳು ಬೇರೆ ಬೇರೆ ಪುಟ. ನಮ್ಮೂರಿನ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವರ್ಷ ಅದಕ್ಕೂ ಒಂದು ಪುಟ ಬೇಕೇ ಬೇಕು. ಊರಿಗೆಲ್ಲ ನೆಂಟರು ಬರುವ ಜಾತ್ರೆ ಅದು. ಮನೆಮಂದಿಗೆಲ್ಲ ಹೊಸ ಬಟ್ಟೆ.

ಇನ್ನು ಪುಟದಲ್ಲಿ ಏನು ಬರೆಯಬೇಕು ಅನ್ನುವುದು. ದುಡ್ಡಿನ ಮೊತ್ತ ಮೊದಲು ಬರೆಯುವುದಿಲ್ಲ. ಎಷ್ಟು ಜನ ಬರುತ್ತಾರೆ ಅನ್ನುವುದು ನನ್ನ ಕೈಲಿಲ್ಲ. ನನ್ನ ಕೈಲಿರುವುದು ಎರಡೇ: ದಿನಕ್ಕೆ ಎಷ್ಟು ಬ್ಲೌಸ್ ಚೆನ್ನಾಗಿ ಮುಗಿಸಬಲ್ಲೆ, ಮತ್ತು ಹೇಳಿದ ದಿನಕ್ಕೆ ಕೊಡುತ್ತೇನೋ ಇಲ್ಲವೋ.

ಮೊದಲನೆಯದನ್ನು ಗಡಿಯಾರ ಇಟ್ಟುಕೊಂಡೇ ನೋಡಿದೆ. ಲೈನಿಂಗ್ ಇರುವ ಪ್ರಿನ್ಸೆಸ್ ಕಟ್ ಬ್ಲೌಸ್‌ಗೆ ಕಟಿಂಗ್ ಅರ್ಧ ಗಂಟೆ, ಮಷಿನ್ ಮೇಲೆ ಒಂದೂವರೆ ಗಂಟೆ, ಆಮೇಲೆ ಕೈಕೆಲಸ. ಹುಕ್ಸ್, ಕಾಜಾ, ಹೆಮ್ಮಿಂಗ್, ಇಸ್ತ್ರಿ ಇವಕ್ಕೆ ಮುಕ್ಕಾಲು ಗಂಟೆ ಹತ್ತಿರ ಹೋಗುತ್ತಿತ್ತು. ಕೆಲಸ ನಿಲ್ಲುತ್ತಿದ್ದದ್ದು ಇಲ್ಲೇ, ಮಷಿನ್ ಮೇಲೆ ಅಲ್ಲವೇ ಅಲ್ಲ. ಹೊಲಿದು ಮುಗಿದ ಬ್ಲೌಸ್‌ಗಳು ಹುಕ್ಸ್‌ಗೆ ಕಾಯುತ್ತಾ ಗುಡ್ಡೆ ಬಿದ್ದಿರುತ್ತಿದ್ದವು. ಆ ಆಷಾಢದಲ್ಲಿ ನಾನು ಬರೆದ ಗುರಿ ಒಂದೇ ಸಾಲು: "ಶ್ರಾವಣಕ್ಕೆ ಮೊದಲು ಕೈಕೆಲಸ ಹೊರಗೆ ಕೊಡಬೇಕು." ಪಕ್ಕದ ಬೀದಿಯ ಒಬ್ಬರು ಅಕ್ಕ ಮಧ್ಯಾಹ್ನ ಬಿಡುವಾಗಿರುತ್ತಿದ್ದರು, ಕೈ ತುಂಬಾ ನೀಟು. ಬ್ಲೌಸ್‌ಗೆ ಇಷ್ಟು ಅಂತ ಮಾತಾಡಿಕೊಂಡೆವು. ಅದೊಂದರಿಂದ ದಿನಕ್ಕೆ ಒಂದು ಬ್ಲೌಸ್ ಜಾಸ್ತಿ ಮುಗಿಯಿತು, ರಾತ್ರಿ ಕಣ್ಣು ಉರಿಯುವುದೂ ನಿಂತಿತು.

ಲೈನಿಂಗ್ ವಿಷಯದಲ್ಲೂ ಹೀಗೇ. ಕಾಟನ್ ಲೈನಿಂಗ್ ನೀರಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಸುರುಟಿ ಬ್ಲೌಸ್ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಒಂದೊಂದೇ ನೆನೆಸಿ ಒಣಗಲಿ ಅಂತ ಕಾಯುತ್ತಾ ಕೂತರೆ ದಿನ ಹೋಗುತ್ತದೆ. ಕೆಂಪು, ಹಸಿರು, ಮೆರೂನ್, ಕಪ್ಪು, ಗಂಧದ ಬಣ್ಣ, ಈ ಐದು ಬಣ್ಣ ಯಾವಾಗಲೂ ಬೇಕಾಗುತ್ತವೆ. ಆಷಾಢದಲ್ಲೇ ಹೋಲ್‌ಸೇಲ್‌ನಲ್ಲಿ ತಂದು, ನೆನೆಸಿ, ಇಸ್ತ್ರಿ ಮಾಡಿ ಮಡಚಿಡುತ್ತೇನೆ. ಕೇಳಿದರೆ ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಬ್ಬದ ವಾರದಲ್ಲಿ ಮಾತು ಉಳಿಸಿಕೊಳ್ಳುವುದು ಇಂಥವುಗಳಿಂದಲೇ.

ಎರಡನೆಯದು, ಹೇಳಿದ ದಿನ. ಟೈಲರ್ ಅಂದರೆ "ನಾಳೆ ಬನ್ನಿ" ಅನ್ನುವವರು ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ನನ್ನ ದೊಡ್ಡ ಗುರಿ ಇದನ್ನು ಸುಳ್ಳು ಮಾಡುವುದು. ಪುಸ್ತಕದಲ್ಲಿ ಪ್ರತಿ ದಿನಕ್ಕೂ ಎಷ್ಟು ಬ್ಲೌಸ್ ಹಿಡಿಯುತ್ತದೋ ಅಷ್ಟೇ ಗೆರೆ ಎಳೆದಿರುತ್ತೇನೆ. ಗೆರೆ ತುಂಬಿದರೆ ಆ ದಿನ ಮುಗಿಯಿತು. ವಾರದಲ್ಲಿ ಒಂದು ದಿನ ಖಾಲಿ ಬಿಡುತ್ತೇನೆ, ಆಲ್ಟ್ರೇಷನ್‌ಗೆ, ಕರೆಂಟ್ ಹೋದದ್ದಕ್ಕೆ, ಮಗುವಿಗೆ ಜ್ವರ ಬಂದದ್ದಕ್ಕೆ. ಈ ಖಾಲಿ ದಿನ ಇಲ್ಲದೆ ಮಾಡಿದ ಯಾವ ಲೆಕ್ಕವೂ ಹಬ್ಬದ ಹತ್ತಿರ ನಿಲ್ಲುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವರಮಹಾಲಕ್ಷ್ಮಿಗೆ ಹತ್ತು ದಿನ ಮುಂಚೆ ಪುಸ್ತಕ ಮುಚ್ಚುತ್ತೇನೆ. ಮೊದಮೊದಲು ಇದು ಕಷ್ಟವಾಯಿತು. ಹಳೇ ಪರಿಚಯದ ಆಂಟಿಯೊಬ್ಬರು ಬಂದು, "ಏನಮ್ಮಾ, ನಮಗೂ ಇಲ್ಲ ಅಂತೀಯಾ? ಒಂದೇ ಒಂದು ಬ್ಲೌಸು" ಅಂದರು.

"ಇಲ್ಲ ಆಂಟಿ, ಇವತ್ತು ಇಸ್ಕೊಂಡ್ರೆ ಇನ್ನೊಬ್ಬರದು ತಪ್ಪುತ್ತೆ. ಗೌರಿ ಹಬ್ಬಕ್ಕೆ ಈಗಲೇ ಕೊಟ್ಟು ಹೋಗಿ, ಎರಡು ದಿನ ಮುಂಚೇನೇ ಕೊಡ್ತೀನಿ" ಅಂದೆ.

ಮುಖ ಸಣ್ಣದು ಮಾಡಿಕೊಂಡೇ ಹೋದರು. ಆದರೆ ಮುಂದಿನ ವರ್ಷ ಆಷಾಢದಲ್ಲೇ ಮೂರು ಸೀರೆ ತಂದುಕೊಟ್ಟರು, ಜೊತೆಗೆ ತಂಗಿಯನ್ನೂ ಕರೆದುಕೊಂಡು ಬಂದರು. ಈಗ ನನ್ನ ಖಾಯಂ ಗಿರಾಕಿಗಳಲ್ಲಿ ಜಾಸ್ತಿ ಜನ ಸೀರೆ ಕೊಳ್ಳುವ ಮೊದಲೇ ಫೋನ್ ಮಾಡಿ ದಿನ ಹಿಡಿಯುತ್ತಾರೆ.

ದರ ಏರಿಸುವ ಧೈರ್ಯ ಬಂದದ್ದೂ ಇದರಿಂದಲೇ. ಲೈನಿಂಗ್ ಬ್ಲೌಸ್‌ಗೆ 350 ತೆಗೆದುಕೊಳ್ಳುತ್ತಿದ್ದೆ, 450 ಮಾಡಿದೆ. ಹಬ್ಬದ ಗಡಿಬಿಡಿಯಲ್ಲಿ ಏರಿಸಲಿಲ್ಲ, ಆಷಾಢದಲ್ಲೇ ಎಲ್ಲರಿಗೂ ವಾಟ್ಸಾಪ್‌ನಲ್ಲಿ ತಿಳಿಸಿದೆ. ಒಬ್ಬ ಹುಡುಗಿ, "ಅಕ್ಕಾ, ಸರ್ಕಲ್ ಹತ್ರ ಮುನ್ನೂರಕ್ಕೇ ಹೊಲಿತಾರಂತೆ" ಅಂದಳು. "ಹೊಲಿತಾರಮ್ಮ, ಅವರದೂ ಒಳ್ಳೇ ಕೈ. ನಾನು ಗುರುವಾರ ಅಂದ್ರೆ ಗುರುವಾರ ಕೊಡ್ತೀನಿ, ಅಷ್ಟೇ" ಅಂದೆ. ಕೆಲವರು ಬಿಟ್ಟು ಹೋದರು, ನಿಜ. ಉಳಿದವರು ದರದ ಮಾತೇ ಎತ್ತಲಿಲ್ಲ. ಅರ್ಧ ದುಡ್ಡು ಮುಂಗಡ, ಅದೂ ಸೀರೆ ಕೊಡುವಾಗಲೇ. ಮುಂಗಡ ಕೊಟ್ಟವರು ಹೇಳಿದ ದಿನಕ್ಕೆ ಬಂದು ಬ್ಲೌಸ್ ತೆಗೆದುಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ನಮ್ಮ ದುಡಿಮೆಯೆಲ್ಲ ಬೀರುವಿನಲ್ಲೇ ಕೂರುತ್ತದೆ.

ದುಡ್ಡಿನ ಗುರಿ ಇದೆ, ಆದರೆ ಅದು ಯಾವುದಾದರೂ ಒಂದು ವಸ್ತುವಿನ ಹೆಸರಲ್ಲಿರುತ್ತದೆ. ಮೊದಲು ಓವರ್‌ಲಾಕ್ ಮಷಿನ್. ಆಮೇಲೆ ಪವರ್ ಮಷಿನ್. ಅದಕ್ಕೆ ಪಿಎಂ ವಿಶ್ವಕರ್ಮ ಯೋಜನೆಯ ಸಾಲ ತೆಗೆದುಕೊಂಡೆ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಯೋಜನೆ ಇದು. ಅದರಲ್ಲಿರುವ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ನೂರಕ್ಕೆ 5, ತೀರಿಸಲು 18 ತಿಂಗಳು. ಪೂರ್ತಿ 1 ಲಕ್ಷ ತೆಗೆದುಕೊಂಡರೆ ಕಂತು ತಿಂಗಳಿಗೆ ಸುಮಾರು 5,780 ರೂಪಾಯಿ ಬೀಳುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಸಾಲ ಮಾಡಿದ ಎಷ್ಟೋ ಗೆಳತಿಯರು ಇಲ್ಲೇ ಸೋಲುವುದನ್ನು ನೋಡಿದ್ದೇನೆ. ಕಂತು ಬರುವುದು ತಿಂಗಳಿಗೊಮ್ಮೆ, ನಮಗೆ ದುಡ್ಡು ಬರುವುದು ಹಬ್ಬಕ್ಕೊಮ್ಮೆ. 18 ತಿಂಗಳಲ್ಲಿ ಒಂದು ಆಷಾಢ ಬಂದೇ ಬರುತ್ತದೆ. ಧನುರ್ಮಾಸವೂ ಬರುತ್ತದೆ. ಅಧಿಕ ಮಾಸ ಸುಮಾರು ಮೂವತ್ತೆರಡು ಮೂವತ್ಮೂರು ತಿಂಗಳಿಗೊಮ್ಮೆ ಬರುವುದರಿಂದ ಅದೂ ಬರಬಹುದು. ಹಾಗಾಗಿ ನಾನು ಸೀಸನ್ ಮುಗಿದ ವಾರವೇ ಮುಂದಿನ ಮೂರು ಕಂತಿನ ದುಡ್ಡನ್ನು ಬೇರೆ ಖಾತೆಗೆ ಹಾಕಿಬಿಡುತ್ತಿದ್ದೆ. ಆಮೇಲೆ ಮನೆ ಖರ್ಚು, ಆಮೇಲೆ ದಾರ, ಲೈನಿಂಗ್. ಕೈಲಿ ದುಡ್ಡು ಓಡಾಡುವಾಗ ಹೀಗೆ ತೆಗೆದಿಡುವುದು ಕಷ್ಟ, ಮನೆಯಲ್ಲಿ ಹತ್ತು ಬೇಡಿಕೆ ಇರುತ್ತವೆ. ಆದರೂ ಒಂದು ಕಂತೂ ತಪ್ಪಲಿಲ್ಲ.

ಬೇರೆ ಖಾತೆ ಇರುವುದರಿಂದ ಇನ್ನೊಂದು ಅನುಕೂಲವೂ ಆಯಿತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್‌ಗಳು ಬಂದವಲ್ಲ, ಆಗ ಗೆಳತಿಯರೆಲ್ಲ ಹೆದರಿ ಫೋನ್ ಮಾಡಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ನಮ್ಮ ಹೊಲಿಗೆಯಂಥ ಸೇವೆಗೆ 20 ಲಕ್ಷ ದಾಟಿದರೆ ಮಾತ್ರ ನೋಂದಣಿಯ ಪ್ರಶ್ನೆ. ನಾವು ಅದರ ಹತ್ತಿರಕ್ಕೂ ಇಲ್ಲ. ಆದರೆ ಚೀಟಿ ದುಡ್ಡು, ತಮ್ಮ ಕಳಿಸಿದ ದುಡ್ಡು, ಬ್ಲೌಸ್ ದುಡ್ಡು ಎಲ್ಲ ಒಂದೇ ಖಾತೆಗೆ ಬಂದರೆ ನಾಳೆ ಯಾರಾದರೂ ಕೇಳಿದಾಗ ಬಿಡಿಸಿ ತೋರಿಸುವುದು ಕಷ್ಟ. ಅಷ್ಟಕ್ಕಿಂತ ಹೆಚ್ಚಾಗಿ, ಈ ಹಬ್ಬಕ್ಕೆ ನಾನು ನಿಜವಾಗಿ ಎಷ್ಟು ದುಡಿದೆ ಅನ್ನುವುದು ನನಗೇ ಗೊತ್ತಾಗುವುದಿಲ್ಲ.

ಸುಮ್ನೆ ಕೂರುವ ತಿಂಗಳುಗಳಿಗೂ ಪುಟದಲ್ಲಿ ಜಾಗ ಇದೆ. ಆಷಾಢದಲ್ಲಿ ಮಕ್ಕಳ ಲಂಗ ಬ್ಲೌಸ್‌ಗೆ ದರ ಕಡಿಮೆ, ಹಳೇ ರೇಷ್ಮೆ ಸೀರೆಯಿಂದ ಲಂಗ ಹೊಲಿಸುವವರು ಆಗಲೇ ಬರುತ್ತಾರೆ. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು ಬಾಗಿನ, ಬಟ್ಟೆ ಕೊಡುವ ಮನೆಗಳಿವೆ, ಆ ಸೀರೆಗಳು ಒಂದಿಷ್ಟು ಬರುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಆ ತಿಂಗಳ ಪುಟದಲ್ಲಿ ಬರೆದಿರುವುದು ಇಷ್ಟು: ಕೈಕೆಲಸ ಮಾಡುವ ಅಕ್ಕನ ಮಗಳಿಗೆ ಪೇಪರ್ ಮೇಲೆ ಕಟಿಂಗ್ ಕಲಿಸುವುದು, ಮೊದಲು ಸಾದಾ ಬ್ಲೌಸ್, ಆಮೇಲೆ ಕಟೋರಿ. ಅವಳ ಕೈ ಕುದುರಿದರೆ ಗೌರಿ ಹಬ್ಬದ ಪುಸ್ತಕದಲ್ಲಿ ದಿನಕ್ಕೆ ಇನ್ನೆರಡು ಗೆರೆ ಎಳೆಯುತ್ತೇನೆ, ಅವಳ ಪಾಲನ್ನು ಬ್ಲೌಸ್ ಲೆಕ್ಕದಲ್ಲಿ ಕೊಡುವುದು ಅಂತಲೂ ಅವಳ ಅಮ್ಮನ ಜೊತೆ ಮಾತಾಗಿದೆ.