ಥೆಸಲೋನಿಕಿ: ಸ್ಮಾರಕ ಮೊದಲು, ವಸ್ತುಸಂಗ್ರಹಾಲಯ ಆಮೇಲೆ

ಗ್ರೀಸ್‌ಗೆ ಹೋಗುವವರಲ್ಲಿ ಬಹುಮಂದಿ ಅಥೆನ್ಸ್ ಮತ್ತು ದ್ವೀಪಗಳನ್ನು ನೋಡಿ ಮರಳುತ್ತಾರೆ. ನಾನು ಉತ್ತರದ ಥೆಸಲೋನಿಕಿಯನ್ನು ಆರಿಸಿಕೊಂಡೆ. ಕ್ರಿ.ಪೂ. 315ರ ಸುಮಾರಿಗೆ ಕಸಾಂಡರ್ ಸ್ಥಾಪಿಸಿ, ಅಲೆಕ್ಸಾಂಡರನ ಮಲತಂಗಿಯಾಗಿದ್ದ ತನ್ನ ಪತ್ನಿಯ ಹೆಸರಿಟ್ಟ ಈ ನಗರದಲ್ಲಿ ರೋಮನ್ನರು, ಬೈಜಾಂಟೈನರು, ಒಟ್ಟೋಮನ್ನರು, ಸ್ಪೇನ್ ತೊರೆದು ಬಂದ ಯಹೂದಿಗಳು ಒಬ್ಬರ ಕಟ್ಟಡದ ಮೇಲೆ ಮತ್ತೊಬ್ಬರು ಕಟ್ಟುತ್ತ ಬದುಕಿದ್ದಾರೆ. ಇಂಥ ಊರಿನಲ್ಲಿ ಮೊದಲೇ ವಸ್ತುಸಂಗ್ರಹಾಲಯಕ್ಕೆ ಹೋದರೆ ಪ್ರತಿಯೊಂದು ವಸ್ತುವೂ ತನ್ನ ಜಾಗದಿಂದ ಕಿತ್ತು ತಂದದ್ದಾಗಿಯೇ ಕಾಣುತ್ತದೆ. ಆದ್ದರಿಂದ, ವಸ್ತು ಇದ್ದ ಜಾಗವನ್ನು ಮೊದಲು ನಡೆದು ನೋಡಿ, ಅನಂತರವೇ ಅದರ ಎದುರು ನಿಲ್ಲುವ ಕ್ರಮವನ್ನು ನಾನು ಅನುಸರಿಸಿದೆ.

ಆರಂಭಕ್ಕೆ ಆರಿಸಿಕೊಂಡದ್ದು ರೋಮನ್ ಚಕ್ರವರ್ತಿ ಗ್ಯಾಲೇರಿಯಸ್‌ನ ಕಾಲ. ಪರ್ಷಿಯನ್ನರ ಮೇಲಿನ ಜಯದ ನೆನಪಿಗೆ ಎತ್ತಿದ ಕಮಾನು ಎಗ್ನಾಟಿಯಾ ರಸ್ತೆಯ ಪಕ್ಕದಲ್ಲಿದ್ದು, ಊರಿನವರು ಅದನ್ನು ‘ಕಮಾರಾ’ ಎನ್ನುತ್ತಾರೆ. ಅದರ ಕೆಳಗೆ ಸಂಜೆಯ ವೇಳೆ ವಿದ್ಯಾರ್ಥಿಗಳು ಗೆಳೆಯರಿಗಾಗಿ ಕಾಯುತ್ತಿರುತ್ತಾರೆ. ಕಂಬಗಳ ಮೇಲಿನ ಉಬ್ಬುಶಿಲ್ಪಗಳಲ್ಲಿ ಯುದ್ಧದ ದೃಶ್ಯಗಳಿವೆ, ಗ್ಯಾಲೇರಿಯಸ್ ಮತ್ತು ಅವನ ಹಿರಿಯ ಸಹಚಕ್ರವರ್ತಿ ಡಯೊಕ್ಲೀಷಿಯನ್ ವೇದಿಕೆಯ ಬಳಿ ಆಹುತಿ ಕೊಡುವ ದೃಶ್ಯವಿದೆ. ಬೆಳಗಿನ ಓರೆಬಿಸಿಲಿನಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ, ನಡುಹಗಲಿನಲ್ಲಿ ಮಂಕಾಗುತ್ತವೆ. ಅಲ್ಲಿಂದ ಮೇಲಕ್ಕೆ ಸ್ವಲ್ಪ ನಡೆದರೆ ರೊಟುಂಡಾ. 4ನೆಯ ಶತಮಾನದ ಆರಂಭದ ಈ ದುಂಡನೆಯ ಕಟ್ಟಡವನ್ನು ಸಮಾಧಿಗಾಗಿ ಕಟ್ಟಿಸಿದ್ದೋ ದೇವಾಲಯವಾಗಿ ಕಟ್ಟಿಸಿದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಉಳಿದಿದೆ. ಮುಂದೆ ಅದು ಚರ್ಚ್ ಆಯಿತು, 16ನೆಯ ಶತಮಾನದ ಕೊನೆಗೆ ಮಸೀದಿಯಾಯಿತು, ಆ ಕಾಲದ ಮಿನಾರು ಇಂದಿಗೂ ಪಕ್ಕದಲ್ಲಿ ನಿಂತಿದೆ. ಗೋಡೆಗಳ ದಪ್ಪ 6 ಮೀಟರಿಗೂ ಹೆಚ್ಚು, ಗುಮ್ಮಟದ ಎತ್ತರ ಸುಮಾರು 30 ಮೀಟರ್.

ಇಲ್ಲಿಗೆ ಹೋಗುವವರು ಒಂದು ಚಿಕ್ಕ ದುರ್ಬೀನನ್ನು ತಪ್ಪದೆ ಒಯ್ಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗುಮ್ಮಟದ ಮೊಸಾಯಿಕ್‌ನಲ್ಲಿ ಅರಮನೆಯಂಥ ಮಂಟಪಗಳ ಮುಂದೆ ಕೈಯೆತ್ತಿ ಪ್ರಾರ್ಥಿಸುವ ಹುತಾತ್ಮರ ಸಾಲಿದ್ದು, ಅವರ ಹೆಸರು, ವೃತ್ತಿ, ಸ್ಮರಣೆಯ ತಿಂಗಳುಗಳನ್ನು ಪಕ್ಕದಲ್ಲಿ ಬರೆಯಲಾಗಿದೆ. ಬರಿಗಣ್ಣಿಗೆ ಅದು ಬಂಗಾರದ ಹೊಳಪು ಮಾತ್ರ. ದುರ್ಬೀನಿನಲ್ಲಿ ಒಬ್ಬೊಬ್ಬರ ಮುಖವೂ ಬೇರೆಯೆಂದು ತಿಳಿಯುತ್ತದೆ. ನಾನು ಈ ನಗರದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ.

ಬಳಿಕ ಸಮುದ್ರದ ಕಡೆಗೆ ಇಳಿದು, ನವಾರಿನೋ ಚೌಕದಲ್ಲಿ ಅಂಗಡಿಗಳ ನಡುವೆ ತೆರೆದಿರುವ ಗ್ಯಾಲೇರಿಯಸ್‌ನ ಅರಮನೆಯ ಅವಶೇಷಗಳನ್ನು ನೋಡಿದ ಮೇಲೆಯೇ ಪುರಾತತ್ವ ವಸ್ತುಸಂಗ್ರಹಾಲಯವನ್ನು ಪ್ರವೇಶಿಸಿದೆ. ಆ ಅರಮನೆಯಿಂದಲೇ ಬಂದ ಒಂದು ಚಿಕ್ಕ ಅಮೃತಶಿಲೆಯ ಕಮಾನು ಒಳಗಿದೆ. ಅದರ ಒಂದು ಬದಿಯ ಪದಕದಲ್ಲಿ ಗ್ಯಾಲೇರಿಯಸ್ ಇದ್ದಾನೆ. ಇನ್ನೊಂದು ಬದಿಯಲ್ಲಿ ಮೊದಲಿಗೆ ಅವನ ಪತ್ನಿ ವಲೇರಿಯಾಳ ಮುಖವಿದ್ದು, ಅನಂತರ ಅದನ್ನು ನಗರದೇವತೆಯ ಮುಖವಾಗಿ ತಿದ್ದಿ ಕೆತ್ತಲಾಗಿದೆ. ಅರಮನೆಯ ನೆಲವನ್ನು ಆಗಷ್ಟೇ ಕಂಡಿದ್ದರಿಂದ ಆ ಕಲ್ಲು ಯಾವ ಗೋಡೆಗೆ ಸೇರಿದ್ದಿರಬಹುದೆಂದು ಊಹಿಸಲು ನನಗೆ ಕಷ್ಟವಾಗಲಿಲ್ಲ.

ಇದೇ ಕಟ್ಟಡದಲ್ಲಿ, ನಗರದ ಹೊರಗಿನ ದೆರ್ವೇನಿಯಲ್ಲಿ 1962ರಲ್ಲಿ ಸಿಕ್ಕ ಸಮಾಧಿಗಳ ವಸ್ತುಗಳಿವೆ. ದ್ರಾಕ್ಷಾರಸಕ್ಕೆ ನೀರು ಬೆರೆಸುವ ಪಾತ್ರೆಯ ಆಕಾರದ, ಸುಮಾರು 90 ಸೆಂಟಿಮೀಟರ್ ಎತ್ತರದ ಕಂಚಿನ ಭಾಂಡವೊಂದರಲ್ಲಿ ದಹನದ ನಂತರದ ಅಸ್ಥಿಗಳನ್ನು ಇರಿಸಲಾಗಿತ್ತು. ನೋಡಲು ಬಂಗಾರದ ಬಣ್ಣವಿದ್ದರೂ ಅದರಲ್ಲಿ ಬಂಗಾರವಿಲ್ಲ, ಕಂಚಿನಲ್ಲಿ ತವರದ ಪಾಲು ಹೆಚ್ಚಿರುವುದರಿಂದ ಆ ಬಣ್ಣ ಬಂದಿದೆ. ಮೈಮೇಲೆ ದ್ರಾಕ್ಷಾರಸದ ದೇವತೆ ಡಯೊನೀಸಸ್ ಮತ್ತು ಅರಿಯಾಡ್ನೆಯರ ಮದುವೆಯ ಸಂಭ್ರಮ. ಜನ ಅದರ ಸುತ್ತ ಸೇರುತ್ತಾರೆ, ಆದರೆ ಅದೇ ಸಮಾಧಿಗಳ ಬಳಿ ಚಿತೆಯ ಉಳಿಕೆಯಲ್ಲಿ ದೊರೆತ ಕರಕಲು ಪಪೈರಸ್‌ನ ಮುಂದೆ ನಿಲ್ಲುವವರು ಕಡಿಮೆ. ಸುಟ್ಟು ಕರಿಯಾದದ್ದರಿಂದಲೇ ಕೊಳೆಯದೆ ಉಳಿದ ಆ ಸುರುಳಿಯನ್ನು ಯುರೋಪಿನಲ್ಲಿ ಓದಲು ಸಿಕ್ಕಿರುವ ಅತಿ ಹಳೆಯ ಪುಸ್ತಕವೆಂದು ಪರಿಗಣಿಸಲಾಗಿದ್ದು, ಯುನೆಸ್ಕೋ 2015ರಲ್ಲಿ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಆ ಚೂರುಗಳ ಬೆಲೆ ವಿವರಿಸಬೇಕಾಗಿಲ್ಲ.

ಚರ್ಚುಗಳಿಗೆ ಬೇರೆಯೇ ಸಮಯ ಮೀಸಲಿಡಬೇಕು, ಏಕೆಂದರೆ ಹೆಚ್ಚಿನವು ಇಂದಿಗೂ ಪೂಜೆ ನಡೆಯುವ ಸ್ಥಳಗಳು ಮತ್ತು ಕೆಲವನ್ನು ಮಧ್ಯಾಹ್ನ ಮುಚ್ಚುತ್ತಾರೆ. ಭುಜ, ಮೊಣಕಾಲು ಮುಚ್ಚುವ ಉಡುಪಿನಲ್ಲಿ ಹೋಗಿ, ಪ್ರಾರ್ಥನೆಯಿದ್ದರೆ ಹಿಂದೆ ನಿಂತು, ಮುಗಿದ ಮೇಲೆ ಗೋಡೆಗಳನ್ನು ನೋಡುವುದು ನನ್ನ ರೂಢಿಯಾಗಿತ್ತು. 1917ರ ಮಹಾಬೆಂಕಿಯಲ್ಲಿ ಸಂತ ದಿಮಿತ್ರಿಯೋಸ್ ಬೆಸಿಲಿಕಾ ಬಹುಪಾಲು ನಾಶವಾಯಿತು. ಮತ್ತೆ ಕಟ್ಟಿದ ಚರ್ಚಿನ ಗರ್ಭಗುಡಿಯ ಬಳಿಯ ಕಂಬಗಳಲ್ಲಿ ಉಳಿದಿರುವ ಹಳೆಯ ಮೊಸಾಯಿಕ್‌ಗಳನ್ನು ಹುಡುಕಿ ನೋಡಬೇಕು, ನೆಲಮಾಳಿಗೆಗೂ ಇಳಿಯಬೇಕು. ಇವುಗಳ ನಂತರ ಬೈಜಾಂಟೈನ್ ಸಂಸ್ಕೃತಿಯ ವಸ್ತುಸಂಗ್ರಹಾಲಯ ಸುಲಭವಾಗಿ ತೆರೆದುಕೊಂಡಿತು. ಪ್ರವಾಸಿಗರ ಗುರುತಾಗಿರುವ ಬಿಳಿಗೋಪುರವನ್ನು ಮಾತ್ರ ನಾನು ಬೇಗ ಮುಗಿಸಿದೆ.

ಯಹೂದಿ ವಸ್ತುಸಂಗ್ರಹಾಲಯಕ್ಕೆ ಹೋಗುವ ಮುನ್ನ ಅರಿಸ್ಟಾಟಲ್ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದೆ. ಆ ನೆಲದಡಿ ಯಹೂದಿಗಳ ದೊಡ್ಡ ಸ್ಮಶಾನವಿತ್ತು. 1942ರ ಡಿಸೆಂಬರಿನಲ್ಲಿ ಅದನ್ನು ಕೆಡವಲಾಯಿತು, ಸಮಾಧಿಕಲ್ಲುಗಳು ಕಟ್ಟಡಗಳಿಗೆ ಬಳಕೆಯಾದವು. ಮರುವರ್ಷ ಸಮುದಾಯದ ಬಹುತೇಕ ಎಲ್ಲರನ್ನೂ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಲಾಯಿತು. ವಸ್ತುಸಂಗ್ರಹಾಲಯದ ಕೆಳ ಅಂತಸ್ತಿನಲ್ಲಿ ಉಳಿದ ಸಮಾಧಿಕಲ್ಲುಗಳಿವೆ. ಈ ಎರಡನ್ನೂ ಒಂದೇ ದಿನ ನೋಡಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಆ ದಿನಕ್ಕೆ ಬೇರೇನನ್ನೂ ಸೇರಿಸಬಾರದು.

ಓಡಾಟಕ್ಕೆ 2024ರ ನವೆಂಬರಿನಲ್ಲಿ ಆರಂಭವಾದ ಮೆಟ್ರೋ ಅನುಕೂಲ. ವೆನಿಜೆಲೋಸ್ ನಿಲ್ದಾಣದಲ್ಲಿ, ಅಗೆಯುವಾಗ ಸಿಕ್ಕ ಪ್ರಾಚೀನ ಹೆದ್ದಾರಿಯ ಕಲ್ಲುಹಾಸನ್ನು ಬಿಚ್ಚಿ ತೆಗೆದು ಮತ್ತೆ ಅಲ್ಲಿಯೇ ಜೋಡಿಸಲಾಗಿದೆ. ಬಿಚ್ಚುವುದು ಸರಿಯೇ ಎಂಬ ವಿವಾದ ಹಲವು ವರ್ಷ ನಡೆದಿತ್ತು.

ಕೊನೆಗೆ ಪ್ರಾಚೀನ ಮ್ಯಾಸಿಡೋನಿಯಾ ರಾಜರ ಸಮಾಧಿಗಳಿರುವ ವೆರ್ಗೀನಾಗೆ ಹೋದೆ. ವೆರಿಯಾದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್‌ನದೆಂದು ಹೇಳಲಾಗುವ ಸಮಾಧಿಯನ್ನು 1977ರಲ್ಲಿ ಮನೋಲಿಸ್ ಆಂಡ್ರೋನಿಕೋಸ್ ಪತ್ತೆಹಚ್ಚಿದರು. ಅದರ ಬಂಗಾರದ ಅಸ್ಥಿಪೆಟ್ಟಿಗೆ ಮೊದಲಾದವು ದೀರ್ಘಕಾಲ ಥೆಸಲೋನಿಕಿಯಲ್ಲಿದ್ದು, 1997ರಲ್ಲಿ ಸ್ವಸ್ಥಾನಕ್ಕೆ ಮರಳಿದವು. ಸಮಾಧಿಗಳ ಮೇಲೆ ಮಣ್ಣಿನ ದಿಬ್ಬವನ್ನು ಪುನಃ ರೂಪಿಸಿ ಅದರೊಳಗೇ ವಸ್ತುಸಂಗ್ರಹಾಲಯವನ್ನು ಮಾಡಿರುವುದರಿಂದ, ವಸ್ತು ಮತ್ತು ಅದರ ಜಾಗ ಇಲ್ಲಿ ಒಟ್ಟಿಗೇ ಸಿಗುತ್ತವೆ. ಹಾಗಿದ್ದರೂ, ಕ್ರಿ.ಪೂ. 336ರಲ್ಲಿ ಫಿಲಿಪ್ ಕೊಲೆಯಾದ ರಂಗಮಂದಿರದ ಅವಶೇಷವನ್ನೂ ಅದರ ಬಳಿಯ ಅರಮನೆಯನ್ನೂ ಮೊದಲು ನೋಡಿ, ಆಮೇಲೆ ದಿಬ್ಬದೊಳಗೆ ಹೋಗಿರೆಂದು ಸೂಚಿಸುತ್ತೇನೆ. ಮರಳುವ ಬಸ್ಸಿನ ಸಮಯವನ್ನು ವೆರಿಯಾದಲ್ಲಿಯೇ ವಿಚಾರಿಸಿಕೊಂಡಿರಬೇಕು.