ಪೈಥಾನ್‌ನಲ್ಲಿ ದೊಡ್ಡ ಬದಲಾವಣೆ ತರಬೇಕಾ? ಕೋಡ್ ಆಮೇಲೆ ನೋಡೋಣ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಬಗ್ ಸಿಕ್ಕರೆ ಸುಮ್ನೆ ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ, ಯಾರೋ ನೋಡಿ ಮರ್ಜ್ ಮಾಡುತ್ತಾರೆ. ಆದರೆ ಭಾಷೆಯ ವ್ಯಾಕರಣವನ್ನೋ ಕೋಡ್ ಓಡಿಸುವ ಇಂಟರ್ಪ್ರಿಟರ್‌ನ ಹೊಟ್ಟೆಯನ್ನೋ ಮುಟ್ಟುವ ಬದಲಾವಣೆಯಾದರೆ ದಾರಿಯೇ ಬೇರೆ. ಅಲ್ಲಿ ನಿಮ್ಮ ಕೋಡ್ ಎಷ್ಟು ಚೆನ್ನಾಗಿದೆ ಎಂದು ಮೊದಲೇ ಯಾರೂ ಕೇಳುವುದಿಲ್ಲ. ಇದರಿಂದ ಯಾರ ಪ್ರೋಗ್ರಾಂ ಮುರಿಯುತ್ತದೆ, ಮುರಿದದ್ದನ್ನು ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳುತ್ತಾರೆ. ಉತ್ತರ ಮೊದಲೇ ಕೈಯಲ್ಲಿರಲಿ.

ತೀರ್ಮಾನ ಯಾರದ್ದು ಎಂದು ತಿಳಿದುಕೊಳ್ಳಿ. 2018ರವರೆಗೆ ಕೊನೆಯ ಮಾತು ಪೈಥಾನ್ ಸೃಷ್ಟಿಸಿದ ಗಿಡೋ ವಾನ್ ರೋಸಮ್ ಅವರದ್ದು. ದೊಡ್ಡ ಬದಲಾವಣೆಗೆ ಬರೆಯುವ ಪ್ರಸ್ತಾವಕ್ಕೆ ಪೆಪ್ ಎನ್ನುತ್ತಾರೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ. ಪೆಪ್ 572 ಬಗ್ಗೆ, ಅಂದರೆ ಎಕ್ಸ್‌ಪ್ರೆಷನ್ ಒಳಗೇ ಹೆಸರಿಗೆ ಬೆಲೆ ಕೊಡುವ ವಾಲ್ರಸ್ ಆಪರೇಟರ್ (:=) ಬಗ್ಗೆ, ಜಗಳ ಎಷ್ಟು ಜೋರಾಯಿತೆಂದರೆ ಪ್ರಸ್ತಾವ ಒಪ್ಪಿಕೊಂಡ ಮೇಲೆ ಆ ಜುಲೈನಲ್ಲಿ ಅವರೇ ಅಧಿಕಾರ ಬಿಟ್ಟು ಹೊರಟರು. ಈಗಿರುವುದು ಐದು ಜನರ ಸ್ಟೀರಿಂಗ್ ಕೌನ್ಸಿಲ್. ಪೈಥಾನ್ ಕೋಡ್‌ನ ಹೊಣೆ ಹೊತ್ತ ಕೋರ್ ಡೆವಲಪರ್‌ಗಳು ಮತ ಹಾಕಿ ಆರಿಸುತ್ತಾರೆ, ಒಂದೇ ಕಂಪನಿಯವರು ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. ಒಳ್ಳೇ ನಿಯಮ.

ಐಡಿಯಾವನ್ನು ಮೊದಲು ಚರ್ಚೆಗೆ ಬಿಡಿ. ಬೈಯುತ್ತಾರೆ, ಬೈಸಿಕೊಳ್ಳಿ. ನೀವು ಕೋರ್ ಡೆವಲಪರ್ ಅಲ್ಲದಿದ್ದರೆ ಸಾಮಾನ್ಯವಾಗಿ ಅವರಲ್ಲೊಬ್ಬರು ಸ್ಪಾನ್ಸರ್ ಆಗಿ ಬೆನ್ನಿಗೆ ನಿಲ್ಲಬೇಕು. ಒಬ್ಬರೂ ಸಿಗುತ್ತಿಲ್ಲ ಅಂದರೆ ಅದೇ ಒಂದು ಉತ್ತರ, ಅಲ್ವಾ?

ಆಮೇಲೆ ಪೆಪ್ ಬರೆಯಿರಿ. ಪೆಪ್ 12ರಲ್ಲಿ ಅಚ್ಚು ಸಿದ್ಧವಾಗಿದೆ. ಹೊಸಬರು ತಮ್ಮ ಐಡಿಯಾದ ಗುಣಗಾನಕ್ಕೇ ಮುಕ್ಕಾಲು ಪಾಲು ಜಾಗ ಕೊಡುತ್ತಾರೆ, ಆದರೆ ಪಳಗಿದವರು ಮೊದಲು ಓದುವುದು ಹಳೆಯ ಕೋಡ್‌ಗೆ ಏನಾಗುತ್ತದೆ ಎನ್ನುವ ಭಾಗ, ಆಮೇಲೆ ಕೈಬಿಟ್ಟ ಐಡಿಯಾಗಳ ಭಾಗ. ಈ ಎರಡನೆಯದನ್ನು ಧಾರಾಳವಾಗಿ ಬರೆಯಿರಿ. ಚರ್ಚೆಯಲ್ಲಿ ಯಾರೋ ಹೇಳಿದ ಬೇರೆ ದಾರಿ, ಅದನ್ನು ಯಾಕೆ ಬಿಟ್ಟಿರಿ ಎಂಬುದು ಅಲ್ಲಿದ್ದರೆ ಅದೇ ವಾದ ಮತ್ತೆ ಬಂದಾಗ ಲಿಂಕ್ ಕೊಟ್ಟರೆ ಸಾಕು.

ಬದಲಾವಣೆ ನಿಜಕ್ಕೂ ದೊಡ್ಡದಾದರೆ ಪೆಪ್ 703 ಕೂತು ಓದಿ. ಜಿಐಎಲ್ ಎಂಬ ಬೀಗದಿಂದಾಗಿ ಒಂದು ಇಂಟರ್ಪ್ರಿಟರ್‌ನಲ್ಲಿ ಒಂದು ಹೊತ್ತಿಗೆ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಸಾಗಬಲ್ಲ ಕೆಲಸದ ಎಳೆ) ಪೈಥಾನ್ ಕೋಡ್ ಓಡಿಸಬಹುದು. ಅದನ್ನು ಕಿತ್ತುಹಾಕುವ ಮಾತು ಎಷ್ಟೋ ವರ್ಷಗಳಿಂದ ಇತ್ತು. ಈ ಪೆಪ್ ಬರೆದ ಸ್ಯಾಮ್ ಗ್ರಾಸ್ ಬರೀ ಮಾತಾಡಲಿಲ್ಲ, ಓಡುವ ಇಂಟರ್ಪ್ರಿಟರ್ ಮಾಡಿ ತೋರಿಸಿದರು. ಅಷ್ಟಾದರೂ ಎಲ್ಲರಿಗೂ ಭಯ ಇತ್ತು: ಒಂದೇ ಥ್ರೆಡ್‌ನ ಪ್ರೋಗ್ರಾಂ ನಿಧಾನವಾಗುತ್ತದಾ, ಸಿ ಭಾಷೆಯಲ್ಲಿ ಬರೆದು ಪೈಥಾನ್‌ಗೆ ಜೋಡಿಸುವ ಸಿ ಎಕ್ಸ್‌ಟೆನ್ಷನ್‌ಗಳ ಗತಿಯೇನು, ಮುಂದೆ ಇದನ್ನು ನೋಡಿಕೊಳ್ಳುವವರು ಯಾರು? ಕೊನೆಯ ಪ್ರಶ್ನೆಗೆ ಮೆಟಾ ಕಂಪನಿ, ಪೆಪ್ ಒಪ್ಪಿದರೆ 2025ರ ಕೊನೆಯೊಳಗೆ ಮೂರು ಎಂಜಿನಿಯರ್-ವರ್ಷಗಳಷ್ಟು ಕೆಲಸ ಕೊಡುತ್ತೇವೆ ಎಂದಿತು. 2023ರ ಅಕ್ಟೋಬರ್‌ನಲ್ಲಿ ಕೌನ್ಸಿಲ್ ಒಪ್ಪಿತು, ಆದರೆ ಹಂತ ಹಂತವಾಗಿ ತರಬೇಕು, ತೀರಾ ತೊಂದರೆಯಾದರೆ ವಾಪಸ್ ತೆಗೆಯುತ್ತೇವೆ ಎಂಬ ಷರತ್ತು ಹಾಕಿತು. ಪೈಥಾನ್ 3.13ರಲ್ಲಿ ಪ್ರಯೋಗಕ್ಕೆಂದು ಜಿಐಎಲ್ ಇಲ್ಲದ ಪ್ರತ್ಯೇಕ ಬಿಲ್ಡ್ ಬಂತು. 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು, ಆದರೂ ಬೇಕಾದವರಿಗೆ ಮಾತ್ರ. ನಿಮ್ಮ ಪೆಪ್‌ನಲ್ಲೂ ಹೀಗೆ ಹಂತಗಳಿರಲಿ, ಹಿಂದೆ ಬರುವ ದಾರಿಯೂ ಇರಲಿ.

ಒಪ್ಪಿಗೆ ಸಿಕ್ಕಿತೆಂದು ಮೈಮರೆಯಬೇಡಿ. ಪೆಪ್ 563 ಟೈಪ್ ಅನೊಟೇಷನ್‌ಗಳನ್ನು (ಇದು ಸಂಖ್ಯೆ, ಇದು ಪಠ್ಯ ಎಂದು ಕೋಡ್‌ನಲ್ಲಿ ಬರೆಯುವ ಗುರುತು) ಬರೀ ಸ್ಟ್ರಿಂಗ್, ಅಂದರೆ ಪಠ್ಯ, ಆಗಿ ಇಡುವ ಪ್ರಸ್ತಾವ. ಅದು 3.7ರಲ್ಲೇ ಬಂದಿತ್ತು, ಬೇಕಾದವರು ಫೈಲಿನ ಮೇಲುಗಡೆ ಒಂದು ಇಂಪೋರ್ಟ್ ಸಾಲು ಹಾಕಿ ಬಳಸುತ್ತಿದ್ದರು. 3.10ರಲ್ಲಿ ಎಲ್ಲರಿಗೂ ಡೀಫಾಲ್ಟ್ ಆಗಬೇಕಿತ್ತು. ಬೀಟಾಗೆ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಗೆ) ಕೆಲವೇ ವಾರ ಇದೆ ಎನ್ನುವಾಗ, 2021ರ ಏಪ್ರಿಲ್‌ನಲ್ಲಿ, ಪೈಡ್ಯಾಂಟಿಕ್ ಕಡೆಯವರು ಇದರಿಂದ ನಮ್ಮ ಲೈಬ್ರರಿ ಕೆಡುತ್ತದೆ ಎಂದು ಎಚ್ಚರಿಸಿದರು. ಅನೊಟೇಷನ್‌ಗಳನ್ನು ಓಡುವಾಗಲೇ ಓದುವ ಲೈಬ್ರರಿ ಅದು, ವೆಬ್ ಫ್ರೇಮ್‌ವರ್ಕ್ ಫಾಸ್ಟ್‌ಎಪಿಐ ನಿಂತಿರುವುದೇ ಅದರ ಮೇಲೆ. ಕೌನ್ಸಿಲ್ ಬದಲಾವಣೆಯನ್ನು ಮುಂದಕ್ಕೆ ಹಾಕಿತು. ಕೊನೆಗೆ 3.14ರಲ್ಲಿ ಬಂದದ್ದು ಪೆಪ್ 649 ಎಂಬ ಬೇರೆಯದೇ ಪರಿಹಾರ. ಹಾಗಾಗಿ ನಿಮ್ಮ ಬದಲಾವಣೆಯ ಬಿಸಿ ತಟ್ಟುವ ಲೈಬ್ರರಿಗಳನ್ನು ಮೊದಲೇ ಹುಡುಕಿ, ಅವರ ಟೆಸ್ಟ್‌ಗಳನ್ನು ನಿಮ್ಮ ಬ್ರಾಂಚ್ ಮೇಲೆ ಓಡಿಸಿ, ಮುರಿದರೆ ನೀವೇ ಹೋಗಿ ಹೇಳಿ. ಅವರಾಗಿ ಬರಲಿ ಎಂದು ಕಾಯಬೇಡಿ.

ಕ್ಯಾಲೆಂಡರ್ ನೋಡಿಕೊಳ್ಳಿ: ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ಗೆ, ಹೊಸ ಫೀಚರ್‌ಗಳಿಗೆ ಬಾಗಿಲು ಹಾಕುವುದು ಮೇ ತಿಂಗಳ ಬೀಟಾಗೆ. ಏನನ್ನಾದರೂ ತೆಗೆಯುವುದಿದ್ದರೆ ಪೆಪ್ 387ರ ಪ್ರಕಾರ ಕನಿಷ್ಠ ಎರಡು ಆವೃತ್ತಿ ಎಚ್ಚರಿಕೆ ಕೊಡಬೇಕು. ಅವಸರ ಮಾಡಿದರೆ ಏನಾಗುತ್ತದೆಂದು 3.0 ತೋರಿಸಿದೆ. ಸ್ಟ್ರಿಂಗ್ ಮುಂದಿನ ಯು ಅಕ್ಷರವನ್ನು ತೆಗೆದದ್ದರಿಂದ ಪೈಥಾನ್ 2 ಮತ್ತು 3 ಎರಡಕ್ಕೂ ಒಂದೇ ಕೋಡ್ ಇಡುವವರು ಒದ್ದಾಡಿದರು, 3.3ರಲ್ಲಿ ಅದನ್ನು ವಾಪಸ್ ತರಬೇಕಾಯಿತು.

ಪ್ರಸ್ತಾವ ಬಿದ್ದುಹೋದರೂ ಪೆಪ್ ಅಳಿಸುವುದಿಲ್ಲ, ಸಂಖ್ಯೆ ಸಮೇತ ಉಳಿಯುತ್ತದೆ. ಆದ್ದರಿಂದ ಬರೆಯಲು ಕೂರುವ ಮುಂಚೆ ತಿರಸ್ಕಾರವಾದವು, ಮುಂದೂಡಿದವುಗಳ ಪಟ್ಟಿ ನೋಡಿ. ನಿಮ್ಮ ಐಡಿಯಾ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಇದ್ದರೆ, ಆಗ ಬೇಡ ಅಂದದ್ದು ಯಾಕೆ, ಈಗ ಏನು ಬದಲಾಗಿದೆ, ಇಷ್ಟರಿಂದಲೇ ನಿಮ್ಮ ಪೆಪ್ ಶುರು ಮಾಡಿ.