ಹಲ್ಲಿಗೆ ಕ್ಯಾಪ್: ಜಿರ್ಕೋನಿಯಾನಾ, ಇಮ್ಯಾಕ್ಸಾ?

ಕ್ಯಾಪ್ ಹಾಕ್ಸೋಕೆ ಬರೋರೆಲ್ಲಾ ಮೊದ್ಲು ಕೇಳೋದು ಒಂದೇ, "ಡಾಕ್ಟ್ರೇ ಯಾವ್ದು ಗಟ್ಟಿ, ಎಷ್ಟು ವರ್ಷ ವಾರಂಟಿ?" ಜಿರ್ಕೋನಿಯಾ, ಇಮ್ಯಾಕ್ಸ್ ಎರಡೂ ಕ್ಯಾಪ್ ಮಾಡೋ ಹಲ್ಲಿನ ಬಣ್ಣದ ಸೆರಾಮಿಕ್. ಗಟ್ಟಿ ಅಂದ್ರೆ ಜಿರ್ಕೋನಿಯಾನೇ, ಆದ್ರೆ ಅದಕ್ಕಿಂತ ಮೊದ್ಲು ಹಲ್ಲು ಯಾವ್ದು, ಒಳಗಿನ ಬಣ್ಣ ಹೇಗಿದೆ, ರಾತ್ರಿ ನಿದ್ದೇಲಿ ಹಲ್ಲು ಕಡೀತೀರಾ, ಇಷ್ಟು ನೋಡ್ಬೇಕು.

ದವಡೆ ಹಲ್ಲಾದ್ರೆ ಪೂರ್ತಿ ಜಿರ್ಕೋನಿಯಾದ ಕ್ಯಾಪ್ ಹಾಕ್ಸಿ, ಮೇಲೆ ಪೋರ್ಸಲೇನ್ ಲೇಯರ್ ಇರೋದು ಅಲ್ಲಿಗೆ ಬೇಡ, ಯಾಕಂದ್ರೆ ಕೋಡುಬಳೆ ಕಡಿಯುವಾಗ ಒಳಗಿನ ಜಿರ್ಕೋನಿಯಾಗೆ ಏನೂ ಆಗಲ್ಲ, ಮೇಲಿನ ಲೇಯರ್ ಚಕ್ಕೆ ಎದ್ದು ಹೋಗುತ್ತೆ. ಇನ್ನೊಂದು, ಜಿರ್ಕೋನಿಯಾ ಅಂದ್ರೆ ಎಲ್ಲಾ ಒಂದೇ ಅಲ್ಲ ಕಣ್ರೀ. ಅದಕ್ಕೆ ಬೆರೆಸೋ ಇಟ್ರಿಯಾ ಅನ್ನೋ ಆಕ್ಸೈಡ್ ಕಮ್ಮಿ ಇರೋ 3ವೈ ಅನ್ನೋ ಬಗೆ ಸುಮಾರು 1000 ಮೆಗಾಪಾಸ್ಕಲ್ (ಒತ್ತಡದ ಅಳತೆ) ತಡೆಯುತ್ತೆ ಆದ್ರೆ ನೋಡೋಕೆ ಸುಣ್ಣ ಬಳಿದಂಗೆ ಮಂಕು, ಇಟ್ರಿಯಾ ಜಾಸ್ತಿ ಇರೋ 5ವೈ ಚೆನ್ನಾಗಿ ಬೆಳಕು ಬಿಡುತ್ತೆ, ಶಕ್ತಿ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಬಿಲ್ಲಲ್ಲಿ ಬರೀ "ಜಿರ್ಕೋನಿಯಾ" ಅಂತಿದ್ರೆ ಯಾವ್ದು ಅಂತ ಕೇಳಿ.

ಮುಂದಿನ ಹಲ್ಲಿಗೆ ನನ್ನ ಓಟು ಇಮ್ಯಾಕ್ಸ್‌ಗೆ, ಅಂದ್ರೆ ಲಿಥಿಯಂ ಡೈಸಿಲಿಕೇಟ್. ಶಕ್ತಿ 400 ಮೆಗಾಪಾಸ್ಕಲ್ ಆಸುಪಾಸು, ಮುಂದಿನ ಹಲ್ಲಿಗೆ ಅಷ್ಟು ಸಾಕು, ಬೆಳಕು ನಿಜವಾದ ಹಲ್ಲಿನ ಥರಾನೇ ಒಳಗೆ ಹೋಗುತ್ತೆ. ಆದ್ರೆ ಅದೇ ತೊಂದ್ರೆನೂ ಹೌದು, ರೂಟ್ ಕೆನಾಲ್ ಆಗಿ ಕಪ್ಪಾಗಿರೋ ಹಲ್ಲು ಅಥವಾ ಲೋಹದ ಪೋಸ್ಟ್ (ಬೇರೊಳಗೆ ಕೂರಿಸೋ ಕಡ್ಡಿ) ಒಳಗಿದ್ರೆ ಅದರ ನೆರಳು ಹೊರಗೆ ಕಾಣುತ್ತೆ, ಆಗ ಬೆಳಕು ಬಿಡದ ಮಂಕಾದ ಬ್ಲಾಕೇ (ಕ್ಯಾಪ್ ಮಾಡೋ ಸೆರಾಮಿಕ್ ತುಂಡು) ಬೇಕು. ಬ್ರಿಡ್ಜ್ ಆದ್ರೆ ಇಮ್ಯಾಕ್ಸ್‌ನ ಮೂರು ಹಲ್ಲಿನದಕ್ಕೆ, ಅದೂ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ ಹಲ್ಲು) ತನಕ ಮಾತ್ರ, ಹಿಂದಿನ ದವಡೆಗೆ ಬೇಡ.

ಹಲ್ಲು ಮೊಟಕಾಗಿದ್ರೆ ಕ್ಯಾಪ್‌ಗೆ ಹಿಡಿತ ಕಮ್ಮಿ, ಆಗ ಅಂಟಿಸೋ ವಿಷಯ ಬರುತ್ತೆ. ಇಮ್ಯಾಕ್ಸ್‌ನಲ್ಲಿ ಗಾಜಿನ ಅಂಶ ಇರೋದ್ರಿಂದ ಹೈಡ್ರೋಫ್ಲೋರಿಕ್ ಆಸಿಡ್ ಅದನ್ನ ತಿಂದು ಒರಟು ಮಾಡುತ್ತೆ, ಮೇಲೆ ಸೈಲೇನ್ ಅನ್ನೋ ಬೆಸೆಯೋ ದ್ರವ ಹಚ್ಚಿ ರೆಸಿನ್ ಸಿಮೆಂಟ್ ಹಾಕಿದ್ರೆ ಬಿಗಿಯಾಗಿ ಕೂರುತ್ತೆ. ಜಿರ್ಕೋನಿಯಾಗೆ ಆ ಆಸಿಡ್ ನಾಟಲ್ಲ, ಮರಳು ಹೊಡೆದು ಎಂಡಿಪಿ (ಜಿರ್ಕೋನಿಯಾಗೆ ಅಂಟೋ ರಾಸಾಯನಿಕ) ಇರೋ ಪ್ರೈಮರ್ ಹಾಕ್ಬೇಕು.

ಹಲ್ಲು ಕಡಿಯೋರಿಗೆ ಜಿರ್ಕೋನಿಯಾ, ಜೊತೆಗೆ ನೈಟ್ ಗಾರ್ಡ್. ಎದುರು ಹಲ್ಲು ಸವೆಯುತ್ತೆ ಅಂತ ಹೆದರ್ತಾರೆ, ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಅಷ್ಟೇನೂ ಸವೆಸಲ್ಲ, ಎತ್ತರ ಆಯ್ತು ಅಂತ ಬರ್ (ಹಲ್ಲು ಕೊರೆಯೋ ಡ್ರಿಲ್ ತುದಿ) ಹಾಕಿ ಉಜ್ಜಿ ಪಾಲಿಶ್ ಮಾಡದೆ ಹಾಗೇ ಬಿಟ್ಟಿದ್ದು ಮಾತ್ರ ಅರ ಇದ್ದಂಗೆ.

ಬಜೆಟ್ ಕಮ್ಮಿನಾ? ದವಡೆಗೆ ಮೆಟಲ್ ಸೆರಾಮಿಕ್ ಈಗಲೂ ನಡೆಯುತ್ತೆ, ವಸಡು ಕೆಳಗಿಳಿದ್ರೆ ಕಪ್ಪು ಗೆರೆ ಕಾಣ್ಬಹುದು ಅಷ್ಟೆ. ಹಾಂ, ಶೇಡ್ ನೋಡೋದು ಹಲ್ಲು ಕೊರೆಯೋಕೆ ಮುಂಚೆ, ಕಿಟಕಿ ಬೆಳಕಲ್ಲಿ, ಬಾಯಿ ತೆರೆದು ಹಲ್ಲು ಒಣಗಿದ್ಮೇಲೆ ನೋಡಿದ್ರೆ ಬಣ್ಣ ಬಿಳಿ ಅನ್ಸುತ್ತೆ, ಕ್ಯಾಪೂ ಬಿಳಿಯಾಗೇ ಬರುತ್ತೆ.